ಇಡೀ ಸೀಸನ್ನಿನ ಲೆಕ್ಕ, ಒಂದು ದಿನದ ತೀರ್ಪು

ನಮಸ್ಕಾರ. 2022ರ ಸೆಪ್ಟೆಂಬರ್, ಕ್ಯಾಲಿಫೋರ್ನಿಯಾದ ಲೋವರ್ ಟ್ರೆಸ್ಟಲ್ಸ್ ಕಡಲತೀರ. ಸರ್ಫಿಂಗ್ ವಿಶ್ವ ಪ್ರಶಸ್ತಿ ತೀರ್ಮಾನವಾಗೋ ದಿನ. ಸೀಸನ್ ಪೂರ್ತಿ ಪಾಯಿಂಟ್ಸ್ ಕೂಡಿಹಾಕಿ ಮೊದಲ ಸ್ಥಾನದಲ್ಲಿ ಕೂತಿದ್ದವರು ಹವಾಯಿಯ ಕರಿಸಾ ಮೂರ್. ಐದನೇ ಸ್ಥಾನದಿಂದ ಬಂದವರು ಆಸ್ಟ್ರೇಲಿಯಾದ ಸ್ಟೆಫನಿ ಗಿಲ್ಮೋರ್. ಗಿಲ್ಮೋರ್ ಒಂದೇ ದಿನ ನಾಲ್ಕನೇ, ಮೂರನೇ, ಎರಡನೇ ಸ್ಥಾನದವರನ್ನು ಸಾಲಾಗಿ ಸೋಲಿಸಿ, ಕೊನೆಗೆ ಮೂರ್ ಅವರನ್ನೂ ಸೋಲಿಸಿ ಎಂಟನೇ ವಿಶ್ವ ಪ್ರಶಸ್ತಿ ಎತ್ತಿದರು. ನೋಡೋಕೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ವರ್ಷವೂ ಮೂರ್ ಅವರೇ ನಂಬರ್ ಒನ್. ಆಗಲೂ ಅದೇ ಜಾಗದಲ್ಲಿ ಕ್ಯಾರೊಲಿನ್ ಮಾರ್ಕ್ಸ್ ಎದುರು ಸೋತರು.

ಗೆದ್ದವರು ಅರ್ಹರಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು, ಸೀಸನ್ ಕೊನೆಗೆ ಮೊದಲ ಐದು ಸ್ಥಾನದವರನ್ನು ಒಂದೇ ದಿನ ಸೆಣಸಿಸಿ ಪ್ರಶಸ್ತಿ ಕೊಡೋ, 2021ರಲ್ಲಿ ಬಂದ ಆ ಫೈನಲ್ಸ್ ಫಾರ್ಮ್ಯಾಟ್ ಮೇಲೆ. ಚಾಂಪಿಯನ್‌ಶಿಪ್ ಟೂರ್ (ಬೇರೆ ಬೇರೆ ಜಾಗಗಳಲ್ಲಿ ಸೀಸನ್ ಪೂರ್ತಿ ನಡೆಯೋ ಸ್ಪರ್ಧೆಗಳ ಸರಣಿ) ಇಷ್ಟು ಕಷ್ಟ ಯಾಕೆ ಅಂದ್ರೆ, ಒಂದೊಂದು ಜಾಗದ ಅಲೆಯೂ ಒಂದೊಂದು ವಿದ್ಯೆ ಕೇಳುತ್ತೆ. ಹವಾಯಿಯ ಪೈಪ್‌ಲೈನ್‌ನಲ್ಲಿ ಬಂಡೆಯ ಮೇಲೆ ಒಡೆಯೋ ಕೊಳವೆಯೊಳಗೆ ನುಗ್ಗೋ ಧೈರ್ಯ ಬೇಕು, ಆಸ್ಟ್ರೇಲಿಯಾದ ಬೆಲ್ಸ್ ಬೀಚ್‌ನಲ್ಲಿ ಉದ್ದದ ಗೋಡೆಯಂಥ ಅಲೆಯ ಮೇಲೆ ದೊಡ್ಡ ತಿರುವು ಬೇಕು. ಟ್ರೆಸ್ಟಲ್ಸ್ ಅಲೆ ಇದೆಯಲ್ಲ, ಅದು ಚೆಂದದ್ದು, ಆದರೆ ಸಾಧು. ಎಲ್ಲ ಥರದ ಅಲೆಗಳಲ್ಲೂ ಗೆದ್ದು ಬಂದವರನ್ನು ಕೊನೆಗೆ ಒಂದೇ ಥರದ ಅಲೆಯಲ್ಲಿ ಪರೀಕ್ಷೆ ಮಾಡಿದ್ರೆ, ಉಳಿದ ಸೀಸನ್ ಬರೀ ಅರ್ಹತಾ ಸುತ್ತು ಆಗಿಬಿಡುತ್ತೆ.

ಡಬ್ಲ್ಯೂಎಸ್‌ಎಲ್ (ಟೂರ್ ನಡೆಸೋ ವರ್ಲ್ಡ್ ಸರ್ಫ್ ಲೀಗ್) ಕಡೆ ವಾದವೇ ಇಲ್ಲ ಅಂತಲ್ಲ. ಒಟ್ಟು ಪಾಯಿಂಟ್ಸ್ ಮೇಲೆ ಪ್ರಶಸ್ತಿ ಕೊಡ್ತಿದ್ದ ಹಳೇ ಲೆಕ್ಕದಲ್ಲಿ, 2016ರಲ್ಲಿ ಜಾನ್ ಜಾನ್ ಫ್ಲಾರೆನ್ಸ್ ಪೋರ್ಚುಗಲ್‌ನಲ್ಲೇ ಪ್ರಶಸ್ತಿ ಖಚಿತ ಮಾಡಿಕೊಂಡರು; ಕೊನೆಯ ಸ್ಪರ್ಧೆ ಪೈಪ್‌ಲೈನ್ ಬರೋ ಹೊತ್ತಿಗೆ ಆ ಕುತೂಹಲ ಮುಗಿದಿತ್ತು. ನೇರಪ್ರಸಾರ ಮಾಡೋರಿಗೆ ಇದು ತಲೆನೋವು, ಒಪ್ಪೋಣ. ಆದರೆ 2019 ನೆನಪಿಸಿಕೊಳ್ಳಿ. ಹಳೇ ಲೆಕ್ಕದಲ್ಲೇ, ಪೈಪ್‌ಲೈನ್ ಫೈನಲ್‌ನಲ್ಲೇ, ಇಟಾಲೊ ಫೆರೇರಾ ಮತ್ತು ಗೇಬ್ರಿಯಲ್ ಮೆಡಿನಾ ಎದುರುಬದುರು. ಗೆದ್ದವರಿಗೇ ವಿಶ್ವ ಪ್ರಶಸ್ತಿ. ಫೆರೇರಾ ಗೆದ್ದರು. ಆ ರೋಮಾಂಚನವನ್ನು ಯಾರೂ ಕೂತು ಡಿಸೈನ್ ಮಾಡಿರಲಿಲ್ಲ.

ಇನ್ನು 2022ರಲ್ಲಿ ಬಂದ ಮಿಡ್-ಸೀಸನ್ ಕಟ್. ಸೀಸನ್ ಅರ್ಧಕ್ಕೆ ಪುರುಷರಲ್ಲಿ ಮೊದಲ 22, ಮಹಿಳೆಯರಲ್ಲಿ ಮೊದಲ 10 ಮಂದಿ ಮಾತ್ರ ಉಳಿಯೋದು, ಬಾಕಿಯವರು ಕೆಳಗಿನ ಹಂತದ ಚಾಲೆಂಜರ್ ಸೀರೀಸ್‌ಗೆ. ಇದರಲ್ಲಿ ನನ್ನ ಮನಸ್ಸು ಇಬ್ಭಾಗ. ಜನ ಕಮ್ಮಿಯಾದರೆ ಸ್ಪರ್ಧೆ ಬೇಗ ಮುಗಿಯುತ್ತೆ, ಒಳ್ಳೇ ಅಲೆ ಇರೋ ದಿನಗಳನ್ನೇ ಆರಿಸಿಕೊಳ್ಳಬಹುದು. ನೋಡೋ ನಮಗೆ ಅದು ಲಾಭವೇ. ಆದರೆ ಇಪ್ಪತ್ಮೂರನೇ ಸ್ಥಾನದಲ್ಲಿರೋ ಹೊಸಬರ ಪಾಡು ಯೋಚಿಸಿ. ಒಂದು ಗಾಯ, ಅಥವಾ ಸಮುದ್ರ ಸುಮ್ಮನೆ ಮಲಗಿಬಿಟ್ಟ ಎರಡು ಹೀಟ್ (ಸುತ್ತಿನ ಪಂದ್ಯ), ಅಷ್ಟೇ ಸಾಕು, ಟೂರ್ ಮುಗೀತು. ಸ್ಪಾನ್ಸರ್ ಜೊತೆ ಮುಂದಿನ ಮಾತುಕತೆಯೂ ಅದರ ನೆರಳಲ್ಲೇ. ಅಂಥ ಹೊತ್ತಲ್ಲಿ ಯಾರು ತಾನೇ ಏರಿಯಲ್ (ಅಲೆಯಿಂದ ಗಾಳಿಗೆ ಜಿಗಿಯೋ ಕಸರತ್ತು) ಹಾರಿ ಬೀಳೋ ಅಪಾಯ ಎಳೆದುಕೊಳ್ತಾರೆ? ಸೇಫ್ ಆಗಿ ಎರಡು ಅಲೆ ಹಿಡಿದು ಸ್ಕೋರ್ ಮಾಡ್ತಾರೆ. ನಾವು ಬೇಜಾರು ಅಂತೀವಿ. ಸರ್ಫರ್‌ಗಳೇ ಸಹಿ ಹಾಕಿ ಈ ಕಟ್ ಬೇಡ ಅಂದರೂ ಅದು ವರ್ಷಗಳ ಕಾಲ ನಡೀತು.

ಈಗ 2026ಕ್ಕೆ ಮತ್ತೆ ಎಲ್ಲ ಬದಲು. ಫೈನಲ್ಸ್ ದಿನ ಇಲ್ಲ, ಅರ್ಧದಾರಿಯ ಕಟ್ ಇಲ್ಲ, ಪ್ರಶಸ್ತಿ ಮತ್ತೆ ಒಟ್ಟು ಪಾಯಿಂಟ್ಸ್ ಮೇಲೆ, ಕೊನೆಯ ಸ್ಪರ್ಧೆ ಮತ್ತೆ ಪೈಪ್‌ಲೈನ್. ಆದರೆ ಅಲ್ಲಿ ಗೆದ್ದವರಿಗೆ ಮಾಮೂಲಿ 10,000ದ ಬದಲು 15,000 ಪಾಯಿಂಟ್ಸ್. ಅಂದ್ರೆ ಕೊನೇ ದಿನದ ನಾಟಕದ ಆಸೆಯನ್ನ ಇವರು ಪೂರ್ತಿ ಬಿಟ್ಟಿಲ್ಲ! ಇರಲಿ, ನನಗೆ ಇಷ್ಟು ಸಾಕು. ನನ್ನ ಕೋರಿಕೆ ಒಂದೇ: ಇದನ್ನು ಒಂದೈದು ವರ್ಷ ಯಾರೂ ಮುಟ್ಟಬೇಡಿ. ಯಾವ ಸ್ಪರ್ಧೆಗೆ ಎಷ್ಟು ತೂಕ ಅನ್ನೋದು ಸರ್ಫರ್‌ಗೂ ಗೊತ್ತಿರಲಿ, ನಿದ್ದೆಗೆಟ್ಟು ಲೈವ್ ನೋಡೋ ನಮಗೂ ಗೊತ್ತಿರಲಿ.