ಮದುವೆ ಆತು, ಮುಂದ?

ಕೇಳುಗರೇ, ನಮಸ್ಕಾರ.

ನಮ್ಮ ವಿಜಯಪುರದ ಕಡೆ ಮದುವೆಯಾಗಿ ಆರು ತಿಂಗಳು ತುಂಬುವುದರೊಳಗೆ ಓಣಿಯ ಹಿರಿಯರು ಕೇಳಿಯೇ ಬಿಡುತ್ತಾರೆ, "ಏನರ ವಿಶೇಷ ಐತೇನವಾ?" ಹುಡುಗಿ ನಕ್ಕು ಸುಮ್ನಾಗುತ್ತಾಳೆ. ತಾಯಾಗುವುದು ಅವಳೊಬ್ಬಳ ಮನಸ್ಸಿಗೆ ಬಿಟ್ಟದ್ದು ಅನ್ನುವ ಹಾಗೆ ಎಲ್ಲರೂ ಅವಳನ್ನೇ ಕೇಳುತ್ತಾರೆ. ಓದು ಯಾವಾಗ ಮುಗಿಯಿತು, ನೌಕರಿ ಎಂಥದ್ದು ಸಿಕ್ಕಿತು, ಗಂಡ ಯಾವ ಊರಲ್ಲಿ ದುಡಿಯುತ್ತಾನೆ, ಇವೇ ಅರ್ಧ ತೀರ್ಮಾನ ಮಾಡಿರುತ್ತವೆ.

ಹತ್ತನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಹದಿನೆಂಟು ತುಂಬುವುದನ್ನೇ ಮನೆಯವರು ಕಾಯುತ್ತಿರುತ್ತಾರೆ. ಕಾನೂನು ಇದ್ದರೂ ಕೆಲವರು ಅಷ್ಟೂ ಕಾಯುವುದಿಲ್ಲ. ಇಪ್ಪತ್ತಕ್ಕೆ ಕಂಕುಳಲ್ಲಿ ಕೂಸು. 2003ರಲ್ಲಿ ಇಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂತು. ಅದೇ ಓಣಿಯ ಇನ್ನೊಬ್ಬಳು ಅಲ್ಲಿ ಎಂ.ಎ. ಮುಗಿಸುವ ಹೊತ್ತಿಗೆ ಇಪ್ಪತ್ಮೂರು. ಗಂಡು ನೋಡುವುದು ಆಮೇಲೆ.

ನನಗೆ ಗೊತ್ತಿರುವ ಒಬ್ಬಾಕಿ ಅತಿಥಿ ಉಪನ್ಯಾಸಕಿ. ಕೆಲಸ ವರ್ಷದ ಮಟ್ಟಿಗೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. "ಈಗ ಬಸುರಾದ್ರ ಕೆಲಸ ಕೈ ಬಿಡ್ತದ್ರಿ, ಮುಂದಿನ ವರ್ಷ ನೋಡೋಣ" ಅನ್ನುತ್ತಾಳೆ. ಪ್ರತಿ ವರ್ಷವೂ ಇದೇ ಮಾತು. ಗಂಡ ಪುಣೆಯಲ್ಲಿ, ಪಾಳಿ ಕೆಲಸ, ಹಬ್ಬಕ್ಕೆ ಬಂದು ಹೋಗುತ್ತಾನೆ. ಅತ್ತೆ ಮಾತ್ರ ಕಂಡ ಗುಡಿಗೆಲ್ಲ ಹರಕೆ ಹೊತ್ತಿದ್ದಾರೆ. ಅಲ್ರೀ, ಗಂಡ ಹೆಂಡತಿ ಒಂದೂರಲ್ಲಿ ಇರದಿದ್ದರೆ ದೇವರಾದರೂ ಏನು ಮಾಡ್ಯಾನು?

ಹೆರಿಗೆ ರಜೆ 2017ರಿಂದ 26 ವಾರ ಆಗಿದೆ. ಖುಷಿಯ ಮಾತೇ. ಆದರೆ ಈ ರಜೆಯ ಕಾನೂನು ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಗೆ ತಾಗುವುದಿಲ್ಲ. ಬೆಳಗಾವಿಯ ಪೇಟೆಯಲ್ಲಿ ನಾಲ್ಕು ಜನರ ಬಟ್ಟೆ ಅಂಗಡಿಯಲ್ಲಿ ನಿಲ್ಲುವವಳಿಗೆ ಬಸುರು ಅಂದರೆ ಕೆಲಸ ಬಿಡುವುದು ಅಂತಲೇ ಅರ್ಥ. ಇಳಕಲ್ಲಿನಲ್ಲಿ ಮನೆಯಲ್ಲೇ ಮಗ್ಗ ಇದ್ದವಳು ಒಂದು ಕೈಯಲ್ಲಿ ತೊಟ್ಟಿಲು ತೂಗಿ, ನಡುವೆ ನೂಲಿನ ಕಂಡಿಕೆಯನ್ನೂ ಸುತ್ತಿಯಾಳು. ಕೂಲಿ ಕಡಿಮೆ, ಆದರೆ ಕೂಸಿಗಾಗಿ ಕೆಲಸ ಬಿಡಬೇಕಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಒಂದೇ ಸಾಕು ಎಂದು ನಿಂತವರೂ, ಎರಡನೆಯದಕ್ಕೆ ಕಾಯುತ್ತ ಹೊತ್ತಾದವರೂ ಇದರಲ್ಲಿ ಸೇರಿದ್ದಾರೆ. ಇವರಿಬ್ಬರ ಕಥೆ ಒಂದೇ ಅಲ್ಲ.

ಕಾಯುವವರಿಗೆ ಒಂದು ಮಾತು. 35 ದಾಟಿದ ಮೇಲೆ ಗರ್ಭ ನಿಲ್ಲುವುದು ಬೇಗ ಬೇಗ ಕಷ್ಟವಾಗುತ್ತ ಹೋಗುತ್ತದೆ. ಆ ವಯಸ್ಸಿನಲ್ಲಿ ಆರು ತಿಂಗಳು ಒಟ್ಟಿಗಿದ್ದು ಪ್ರಯತ್ನಿಸಿಯೂ ಆಗದಿದ್ದರೆ ಡಾಕ್ಟರರ ಹತ್ತಿರ ಹೋಗಿ. ಅದಕ್ಕಿಂತ ಚಿಕ್ಕವರಾದರೆ ಒಂದು ವರ್ಷ ನೋಡಬಹುದು. ಇಬ್ಬರೂ ಹೋಗಬೇಕು, ಹೆಂಡತಿಯೊಬ್ಬಳೇ ಅಲ್ಲ. ಗಂಡನ ವೀರ್ಯ ಪರೀಕ್ಷೆ ಸರಳ, ಜಾಸ್ತಿ ಖರ್ಚೂ ಇಲ್ಲ. ಅದನ್ನು ಮೊದಲೇ ಮಾಡಿಸಿ. ರಜೆ ಹಾಕಿ ಬರಲಿ.

ನಮಸ್ಕಾರ.