ಬೇಸಿಗೆ ರಜೆ, ಹಳೆಯ ಪ್ರೀತಿ, ಸಾವಿನ ಮನೆ

ಎಲ್ಲರಿಗೂ ನಮಸ್ಕಾರ.

ಹದಿಹರೆಯದಲ್ಲಿ ಪ್ರೀತಿಸಿದ ಇಬ್ಬರು ಒಂದು ಬೇಸಿಗೆಯಲ್ಲಿ ಮತ್ತೆ ಎದುರಾಗುವ ಕಥೆಗಳನ್ನು ನಾವೆಲ್ಲ ಓದಿದ್ದೇವೆ, ನಿಮ್ಮಲ್ಲಿ ಕೆಲವರು ಬರೆದೂ ಇದ್ದೀರಿ. ಅವುಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಇಬ್ಬರೂ ಊರಿಗೆ ಬರುತ್ತಾರೆ, ಮನೆಯಲ್ಲಿ ಯಾರೋ ತೀರಿಕೊಳ್ಳುತ್ತಾರೆ, ಅತ್ತು ಹತ್ತಿರವಾಗುತ್ತಾರೆ. ಪಾಪ, ಸತ್ತವರು ಮೂರನೇ ಪುಟಕ್ಕೆ ಮರೆತೇ ಹೋಗುತ್ತಾರೆ! ನನ್ನ ತಕರಾರು ಇಷ್ಟೇ: ಸತ್ತವರನ್ನು ಕೊನೆಯವರೆಗೂ ಕಥೆಯಲ್ಲಿ ಉಳಿಸಿಕೊಳ್ಳಿ. ಆ ಪ್ರೀತಿಯ ಗಂಟು ಇರುವುದು ಅವರ ಹತ್ತಿರ.

ಶಿರಸಿ ಕಡೆಯ ಒಂದು ಮನೆ ಅಂದುಕೊಳ್ಳಿ. ಏಪ್ರಿಲ್ ಕೊನೆ. ಮಳೆ ಹಿಡಿಯುವ ಮೊದಲು ಹಲಸಿನ ಹಪ್ಪಳ ಒಣಗಬೇಕು. ದೊಡ್ಡವರು ಒಳಗೆ ಒತ್ತುತ್ತಾರೆ, ಅಂಗಳದಲ್ಲಿ ಕಾಗೆ ಓಡಿಸುವ ಕೆಲಸ ಮಕ್ಕಳದು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ, ಪಕ್ಕದ ಮನೆಗೆ ರಜೆಗೆ ಬಂದ ಹುಡುಗಿ. ಹಪ್ಪಳ ಕಾಯುವ ನೆಪದಲ್ಲಿ ಮಾತು ಬೆಳೆಯುತ್ತದೆ. ಅಪ್ಪನಿಗೆ ಗೊತ್ತಾಗುತ್ತದೆ. ರಂಪವಿಲ್ಲ, ಕೂಗಾಟವಿಲ್ಲ. ಮಗನನ್ನು ಮಂಗಳೂರಿನ ಹಾಸ್ಟೆಲಿಗೆ ಸೇರಿಸಿಬಿಡುತ್ತಾರೆ, ಅಷ್ಟೇ.

ಏಳು ವರ್ಷವಾದ ಮೇಲೆ ಇನ್ನೊಂದು ಮೇ ತಿಂಗಳು. ಅಪ್ಪ ಇಲ್ಲ. ಹದಿಮೂರನೇ ದಿನದ ಊಟ. ತಲೆ ಬೋಳಿಸಿಕೊಂಡ ಹುಡುಗ ಅವಳನ್ನು ಕಂಡು ಸಂಕೋಚದಿಂದ ಹೆಗಲ ಮೇಲಿನ ಶಾಲನ್ನು ತಲೆಗೆ ಎಳೆದುಕೊಳ್ಳುತ್ತಾನೆ. ಬಡಿಸುತ್ತಾ ಬಂದ ಅವಳು ಎಲೆಗೆ ಹಪ್ಪಳ ಹಾಕಿ ಮೆಲ್ಲಗೆ ಅನ್ನುತ್ತಾಳೆ, “ಇಷ್ಟು ಕೆಂಪಗೆ ಕರಿದಿದ್ದಕ್ಕೆ ಮಾವ ಎಲೆ ಬಿಟ್ಟು ಏಳೋವರೆಗೂ ಗೊಣಗ್ತಿದ್ರು.”

ಅವನಿಗೆ ಬೆಂಗಳೂರಿನಲ್ಲಿ ಗೆಳೆಯರಿದ್ದಾರೆ, ಒಳ್ಳೆಯವರೇ. ಅವರಿಗೆಲ್ಲ ಗೊತ್ತಿರುವುದು ಇವನ ದುಃಖ. ಇವನ ಅಪ್ಪ ಗೊತ್ತಿರುವುದು ಅವಳಿಗೆ. ಮನೆ ಮುರಿಯುವ ಮುಂಚೆ ಹೇಗಿತ್ತು ಅಂತ ಬಲ್ಲ ಹೊರಗಿನವರು ಎಷ್ಟು ಜನ ಸಿಗುತ್ತಾರೆ, ಹೇಳಿ? ಆದರೆ ಇಬ್ಬರನ್ನೂ ಬೇರೆ ಮಾಡಿದವರೂ ಆ ಅಪ್ಪನೇ. ಯಾರ ಮೇಲೆ ಏಳು ವರ್ಷ ಸಿಟ್ಟಿತ್ತೋ ಅವರಿಗಾಗಿಯೇ ಈಗ ಇಬ್ಬರೂ ಅಳಬೇಕು. ಸಿಟ್ಟು ತೀರಿಸಿಕೊಳ್ಳೋಣವೆಂದರೆ ಎದುರಿಗೆ ಆಳಿಲ್ಲ.

ಇದು ಬರೀ ಕಥೆಗಾರರ ಕಲ್ಪನೆ ಅಂದುಕೊಳ್ಳಬೇಡಿ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ನ್ಯಾನ್ಸಿ ಕಾಲಿಶ್ 1990ರ ದಶಕದಲ್ಲಿ, ಕಳೆದುಹೋದ ಪ್ರೀತಿಯನ್ನು ಮತ್ತೆ ಹುಡುಕಿಕೊಂಡ 1001 ಜನರಿಂದ ಮಾಹಿತಿ ಪಡೆದರು. ಕಡೇಪಕ್ಷ ಐದು ವರ್ಷ ದೂರವಾಗಿದ್ದವರು. ಸಮೀಕ್ಷೆಯ ಹೊತ್ತಿಗೆ 72 ಪ್ರತಿಶತ ಮಂದಿ ಜೊತೆಯಲ್ಲೇ ಇದ್ದರು. ತಾವಾಗಿಯೇ ಮುಂದೆ ಬಂದು ಹೇಳಿಕೊಂಡವರ ಲೆಕ್ಕ ಇದು, ಹಾಗಾಗಿ ಅಂಕಿಯನ್ನು ಎಚ್ಚರದಿಂದಲೇ ನೋಡಬೇಕು. ನನಗೆ ಮುಖ್ಯವೆನಿಸಿದ್ದು ಬೇರೆ: ಮೊದಲ ಸಲ ದೂರವಾಗಲು ಅವರು ಕೊಟ್ಟ ಕಾರಣಗಳಲ್ಲಿ ತಂದೆತಾಯಿಯ ವಿರೋಧ ಎದ್ದು ಕಾಣುತ್ತಿತ್ತು. ಜಗಳವಾಡಿ ಬೇಸತ್ತು ಬಿಟ್ಟವರಾಗಿದ್ದರೆ ಮತ್ತೆ ಹುಡುಕುತ್ತಿದ್ದರೇ? ಇವರದು ಅರ್ಧಕ್ಕೇ ನಿಂತ ಮಾತು. ಜೊತೆಗೆ ನೆನಪಿನ ಅಧ್ಯಯನಗಳೂ ಒಂದು ವಿಷಯ ಹೇಳುತ್ತವೆ. ವಯಸ್ಸಾದವರನ್ನು ಹಳೆಯದು ಹೇಳಿ ಎಂದರೆ ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳೇ ಹೆಚ್ಚು ಬರುತ್ತವೆ. ಹದಿಹರೆಯದ ಪ್ರೀತಿಯೂ ಆ ವಯಸ್ಸಿನದೇ ತಾನೆ.

ಇನ್ನು ಅಮ್ಮ. ಇಂಥ ಕಥೆಗಳಲ್ಲಿ ಅವಳನ್ನು ಅಡುಗೆಮನೆಯ ಕತ್ತಲಲ್ಲಿ ಕೂರಿಸಿ ಸುಮ್ಮನಾಗುತ್ತೇವೆ, ಕೊನೆಗೆ ಒಪ್ಪಿಗೆ ಹೇಳಿಸಲು ಮಾತ್ರ ಹೊರಗೆ ಕರೆಯುತ್ತೇವೆ. ಮಗ ಆ ಹುಡುಗಿಯೊಂದಿಗೆ ನಗುವುದನ್ನು ಕಂಡಾಗ ಅಮ್ಮನಿಗೆ ಸಮಾಧಾನವೂ ಆಗಬಹುದು, “ಅವರು ಹೋಗಿ ತಿಂಗಳಾಗಿಲ್ಲ” ಎಂದು ಹೊಟ್ಟೆಯೂ ಉರಿಯಬಹುದು. ಹಾಸ್ಟೆಲಿಗೆ ಕಳಿಸುವ ಯೋಚನೆ ಮೊದಲು ಯಾರದು ಎಂಬುದು ಅವಳಿಗೆ ಮಾತ್ರ ಗೊತ್ತು. ಅದನ್ನು ಬರೆಯಿರಿ.

ಬೇಸಿಗೆ ಮುಗಿದರೆ ಭೇಟಿ ಮುಗಿಯಿತಲ್ಲ ಎಂದು ಕೆಲವರಿಗೆ ಚಿಂತೆ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ಹೋದ ಮೇಲೆ ವರ್ಷಾಂತಿಕದವರೆಗೆ, ಅಂದರೆ ವರ್ಷ ತುಂಬಿದಾಗಿನ ಕರ್ಮದವರೆಗೆ, ಮಗನ ಮದುವೆ ಮಾಡುವುದಿಲ್ಲ. ಹಿರಿಯರಿಗೆ ಅದು ತಡೆ, ಕಥೆಗಾರನಿಗೆ ಸುಗ್ಗಿ. ಯಾಕೆಂದರೆ ತಿಂಗಳಿಗೊಮ್ಮೆ ಮಾಸಿಕ ಶ್ರಾದ್ಧ ಇರುತ್ತದೆ. ಹುಡುಗ ರಾತ್ರಿ ಬಸ್ಸು ಹಿಡಿದು ಬರಲೇಬೇಕು, ಬರಬೇಡ ಎನ್ನುವ ಹಾಗಿಲ್ಲ. ದೂರ ಮಾಡಿದ ಅಪ್ಪನ ಲೆಕ್ಕದಲ್ಲೇ ವರ್ಷಪೂರ್ತಿ ಊರಿಗೆ ಬರುವುದು!

ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.