ನಡುವೆ ಕೂತು ಕೇಳುವುದು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಒಂದು ರಾತ್ರಿ ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮನೆಯಲ್ಲಿ ಎಚ್ಚರ ಇದ್ದವನು ನಾನೊಬ್ಬನೇ. ಗಾಬರಿಯಾಗಿ ತಿರುಗಿ ನೋಡಿದೆ. ಗೋಡೆ, ಗೋಡೆಗೆ ಒರಗಿಸಿದ ಜೋಳದ ಚೀಲ, ಚೀಲದ ಮೇಲೆ ಒಂದು ಪುಟ್ಟ ಸ್ಪೀಕರು. ಕೆಮ್ಮಿದ ಪುಣ್ಯಾತ್ಮ ಯಾವುದೋ ದೇಶದ ಸಭಾಂಗಣದಲ್ಲಿ ಪಿಟೀಲು ಮೇಳ ಕೇಳಲು ಬಂದು ಕೂತಿದ್ದವನು. ಡಿವಿಡಿಯೊಳಗೆ ಪಿಟೀಲಿನ ಜೊತೆ ಅವನ ಕೆಮ್ಮೂ ಸೇರಿಕೊಂಡುಬಿಟ್ಟಿತ್ತು.

ನಾನು ರಾಯಚೂರಿನ ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವವನು. ಹಾಡು ಕೇಳುವ ಚಟ ಮೊದಲಿನಿಂದ ಇತ್ತು, ಸಾಮಾನಿನ ಹುಚ್ಚು ಇರಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಮನೆ ಬದಲಿಸುವಾಗ "ಮಾಮಾ, ಇದು ನಿಮ್ಮ ಹತ್ರ ಇರ್ಲಿ" ಅಂತ ಐದು ಸ್ಪೀಕರು, ಒಂದು ಸಬ್‌ವೂಫರು, ಸದ್ದನ್ನು ಅವಕ್ಕೆಲ್ಲ ಹಂಚುವ ಹಳೆಯ ರಿಸೀವರು, ಪ್ಲೇಯರು, ನಾಲ್ಕಾರು ಡಿಸ್ಕು ಕಟ್ಟಿ ಕಳಿಸಿದ. ಫೈವ್ ಪಾಯಿಂಟ್ ಒನ್ ಅನ್ನುತ್ತಾರಲ್ಲ, ಅದು ಇದೇ. ಐದು ಸ್ಪೀಕರಿಗೆ ಬೇರೆ ಬೇರೆ ಐದು ದನಿ. ಆ ಪಾಯಿಂಟ್ ಒನ್ ಅಂದರೆ ಸಬ್‌ವೂಫರು, ಗುಡುಗಿನಂಥ ತಗ್ಗು ಸದ್ದಿಗೆ ಮೀಸಲು. ಸಿನಿಮಾದಲ್ಲಿ ಗುಂಡು ಹಾರುವುದಕ್ಕಷ್ಟೇ ಇವು ಅಂತ ನಾನು ತಿಳಿದಿದ್ದೆ, ಆ ಕೆಮ್ಮು ಕೇಳುವ ತನಕ.

ಆಮೇಲೆ ಯೋಚಿಸಿದರೆ, ಇದು ನನಗೆ ಹೊಸದೇನಲ್ಲ. ಸಣ್ಣವನಿದ್ದಾಗ ಸೋದರಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮುದಗಲ್ಲಿನ ಮೊಹರಮ್ಮಿಗೆ ಹೋಗಿದ್ದ. ಬೆಂಕಿ ಹಾಕಿದ ಅಲಾಯಿ ಕುಣಿಯ ಸುತ್ತ ಹಲಗೆ ಬಡಿಯುವವರು, ಹೆಜ್ಜೆ ಹಾಕುವವರು, ನಡುವೆ ಸಿಕ್ಕಿಕೊಂಡ ನಾವು. ಹೊಗೆಗೆ ಕಣ್ಣು ಮುಚ್ಚಿದೆ. ಎಡಕ್ಕಿದ್ದ ಹಲಗೆ ಬೆನ್ನಿಗೆ ಬಂತು, ಬೆನ್ನಿಗಿದ್ದದ್ದು ಬಲಕ್ಕೆ ಸರಿಯಿತು. ಯಾರು ಎಲ್ಲಿದ್ದಾರೆ ಅಂತ ಕಣ್ಣು ಬಿಡದೆ ಬೊಟ್ಟು ಮಾಡಿ ತೋರಿಸಬಹುದಿತ್ತು. ಓಣಿಯ ಭಜನೆಯಲ್ಲೂ ಹುಡುಗರನ್ನು ನಡುವೆಯೇ ಕೂರಿಸುತ್ತಿದ್ದರು. ದೊಡ್ಡವನಾದ ಮೇಲೆ ರಂಗಮಂದಿರದ ಕುರ್ಚಿ, ಟೇಪ್ ರೆಕಾರ್ಡರ್, ಮೊಬೈಲು ಬಂದವು. ಹಾಡು ಎದುರಿಗೆ ಹೋಗಿ ನಿಂತಿತು, ನಾನು ಇತ್ತ ಉಳಿದೆ.

"ಕಿವಿ ಎರಡ ಅದಾವ, ಐದು ಸ್ಪೀಕರ್ ಯಾಕ್ರೀ?" ಅಂತ ನನ್ನ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ತುಸು ತಡವಾಗಿ. ಆ ತಡ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ, ಆದರೂ ಮಿದುಳು ಅದನ್ನು ಹಿಡಿಯುತ್ತದೆ. ಸದ್ದು ಮುಂದಿನದೋ ಹಿಂದಿನದೋ ಅನ್ನುವುದಕ್ಕೆ ಹೊರಗಿವಿಯ ಮಡಿಕೆಗಳೂ ಸಾಕ್ಷಿ ಹೇಳುತ್ತವೆ. ಎದುರಿಗಿಟ್ಟ ಎರಡೇ ಸ್ಪೀಕರಿನಿಂದ ಅವಕ್ಕೆ ಮೋಸ ಮಾಡುವುದು ಕಷ್ಟ. ತೀರ ತಗ್ಗು ಸದ್ದಿನ ದಿಕ್ಕು ಮಾತ್ರ ಕಿವಿಗೆ ಸರಿಯಾಗಿ ತಿಳಿಯದು. ಅದಕ್ಕೇ ಸಬ್‌ವೂಫರು ಒಂದಿದ್ದರೆ ನಡೆಯುತ್ತದೆ. ನಮ್ಮ ಮನೆಯಲ್ಲಿ ಅದು ಹೊಲಿಗೆ ಮಷಿನ್ನಿನ ಕೆಳಗಿದೆ.

ಉಳಿದವುಗಳಿಗೆ ನಾವು ಕೂರುವ ಜಾಗದಿಂದ ಲೆಕ್ಕ ಇದೆ. ಒಂದು ನೇರ ಎದುರಿಗೆ, ಎರಡು ಅದರ ಎಡಬಲಕ್ಕೆ 30 ಡಿಗ್ರಿಯಲ್ಲಿ. ಹಿಂದಿನವು ಸುಮಾರು 110 ಡಿಗ್ರಿಗೆ, ಅಂದರೆ ಪೂರ್ತಿ ಬೆನ್ನಿಗಲ್ಲ, ಹೆಗಲಿನಿಂದ ತುಸು ಹಿಂದಕ್ಕೆ. ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಅಂಗಡಿಯ ಸುತಳಿ ಹಿಡಿದು ಒಂದು ಭಾನುವಾರವಿಡೀ ನೆಲದ ಮೇಲೆ ಮಂಡಿಯೂರಿದೆ. ಬಾಗಿಲು ಅಡ್ಡ ಬಂದು ಒಂದು ಸ್ಪೀಕರು ಎರಡು ಅಡಿ ಹತ್ತಿರವೇ ಉಳಿಯಿತು. ಸದ್ದಿಗೆ ಒಂದು ಮೀಟರು ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಹತ್ತಿರದ ಸ್ಪೀಕರನ್ನು ರಿಸೀವರು ಆ ಲೆಕ್ಕದಲ್ಲೇ ತಡೆದು ನುಡಿಸುತ್ತದೆ. ಕಾಟ ಕೊಟ್ಟದ್ದು ಕೋಣೆ. ಶಹಾಬಾದ್ ಬಂಡೆಯ ನೆಲ, ಬರಿಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತಿತ್ತು. ಅವ್ವ ಹೊಲಿದ ಎರಡು ಕೌದಿ ತಂದು ಗೋಡೆಗೆ ಇಳಿಬಿಟ್ಟೆ. "ಹೊದಿಯೋ ಕೌದಿ ಗ್ವಾಡಿಗ್ಯಾಕ? ಅದಕೇನು ಥಂಡಿ ಆಗೇತೇನು?" ಅಂದಳು ಹೆಂಡತಿ. ಟಣ್ ನಿಂತಿತು.

ಸದ್ದಿನ ನಡುವೆ ಕೂರುವ ಈ ಆಸೆ ಹಳೆಯದು. ವೆನಿಸ್ಸಿನ ಸೇಂಟ್ ಮಾರ್ಕ್ ಚರ್ಚಿನಲ್ಲಿ 16ನೇ ಶತಮಾನದಲ್ಲೇ ಗಾಯಕರನ್ನು ಗುಂಪು ಮಾಡಿ, ಬೇರೆ ಬೇರೆ ಕಡೆ ನಿಲ್ಲಿಸಿ ಹಾಡಿಸುತ್ತಿದ್ದರು. 1970ರ ದಶಕದಲ್ಲಿ ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಗ್ರಾಮಫೋನ್ ತಟ್ಟೆಗಳು ಬಂದವು. ಒಂದಕ್ಕೊಂದು ಹೊಂದದ ಮೂರ್ನಾಲ್ಕು ಪದ್ಧತಿಗಳ ಜಗಳದಲ್ಲಿ ಮೂಲೆ ಸೇರಿದವು. 2012ರಲ್ಲಿ ಸಿನಿಮಾ ಮಂದಿರಕ್ಕೆ ಬಂದ ಡಾಲ್ಬಿ ಅಟ್ಮಾಸ್ ತಲೆಯ ಮೇಲಿನಿಂದಲೂ ಸದ್ದು ಇಳಿಸಿತು, ಈಗ ಮೊಬೈಲಿನ ಹಾಡಿಗೂ ಅದು ಬಂದಿದೆ.

ಬಂದದ್ದೆಲ್ಲ ನನಗೆ ಸೇರುವುದಿಲ್ಲ. ತಬಲಾವನ್ನು ತಲೆಯ ಸುತ್ತ ಓಡಿಸುವವರಿದ್ದಾರೆ. ಜಾತ್ರೆಯ ತೊಟ್ಟಿಲಲ್ಲಿ ಕೂತು ಹಾಡು ಕೇಳಿದ ಹಾಗೆ ಹೊಟ್ಟೆ ತೊಳಸುತ್ತದೆ. ರಿಸೀವರಿನಲ್ಲಿ ಇನ್ನೊಂದು ಗುಂಡಿ ಇದೆ, ಹಳೆಯ ಹಾಡನ್ನೂ ಐದು ಕಡೆ ಹಂಚುವಂಥದ್ದು. ನಮ್ಮ ರಾಯಚೂರಿನ ಗಾಯಕ ಸಿದ್ದರಾಮ ಜಂಬಲದಿನ್ನಿಯವರ ವಚನ ಹಚ್ಚಿ ಅದನ್ನು ಒತ್ತಿದೆ. ದನಿ ಬಾವಿಯೊಳಗಿನಿಂದ ಬಂದಂತಾಯಿತು. ತಕ್ಷಣ ಆರಿಸಿದೆ. ಎದುರಿಗೆ ಕೂತು ಹಾಡಿದವರ ದನಿ ಎದುರಿನಿಂದಲೇ ಬರಲಿ, ಈಗ ನಿಮ್ಮ ರೇಡಿಯೋದಿಂದ ನನ್ನ ಮಾತು ಬರುತ್ತಿರುವ ಹಾಗೆ.

ಸೋಮವಾರ ನಮ್ಮ ಓಣಿಯ ಗುಡಿಯಲ್ಲಿ ಭಜನೆ. ಎಷ್ಟೋ ವರ್ಷ ನಾನು ಗೋಡೆಗೆ ಆತುಕೊಂಡು ಕೂರುತ್ತಿದ್ದೆ, ಬೆನ್ನು ನೋವು ನೋಡಿ. ಈಗ ಹಾರ್ಮೋನಿಯಂನವರಿಗೂ ತಾಳದವರಿಗೂ ನಡುವೆ ತೂರಿಕೊಳ್ಳುತ್ತೇನೆ. "ಸರೀರಿ ಲೆಕ್ಕದವ್ರ, ಮೊಣಕೈ ಬಡೀತೈತಿ" ಅಂತ ತಾಳದವರು ಬೈಯುತ್ತಾರೆ. ನಾಲ್ಕು ಬೆರಳು ಸರಿಯುತ್ತೇನೆ.

ನಮಸ್ಕಾರ.